ಬುರುಡೆ ಕಟ್ಟದ ಮೋಟು

ಅಂದು ಬೆಳಿಗ್ಗೆ ಹುಲುಗಪ್ಪ ಎಂದಿನಂತೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಅಣೆಕಟ್ಟೆಯ ಹಿನ್ನೀರಿಗೆ ಹರಿಗೋಲು ಇಳಿಸಿದ. ಬೇಸಿಗೆಯಾದ್ದರಿಂದ ನೀರು ಇಳಿದಿತ್ತು. ದಡದಿಂದ ದೂರ ಹೋದ ಮೇಲೆ ಹರಿಗೋಲಿನ ತಳಕ್ಕೆ ಏನೋ ಗರಕ್ಕನೆ ಉಜ್ಜಿತು. ಹುಟ್ಟುಗೋಲಿನಿಂದ ತಡವಿ ನೋಡಿದ. ಮುಳುಗಿಹೋದ ಹಳೆಯ ಊರಿನ ಹುಣಸೆಮರದ ಮೋಟು. ನೀರಿನ ಮೇಲೆ ಅದರ ಸುಳಿವೇ ಇರಲಿಲ್ಲ.

ಅಲ್ಲಿಯ ಮೀನುಗಾರರಲ್ಲಿ ಒಂದು ಕಟ್ಟಳೆಯಿತ್ತು. ಮೋಟು ಯಾರಿಗೆ ಮೊದಲು ತಗಲುತ್ತದೋ ಅವರೇ ಅದಕ್ಕೊಂದು ಒಣ ಸೋರೆಬುರುಡೆ ಕಟ್ಟಿ ತೇಲಿಬಿಡಬೇಕು. ಅದನ್ನು ಕಂಡವರು ಎಚ್ಚರದಿಂದ ಹೋಗುತ್ತಾರೆ. ಅದಕ್ಕೆಂದೇ ಪ್ರತಿ ಹರಿಗೋಲಿನಲ್ಲೂ ಒಂದು ಬುರುಡೆ ಇರುತ್ತಿತ್ತು.

ಹುಲುಗಪ್ಪ ಬುರುಡೆಯನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಮೋಟಿನ ಪಕ್ಕದಲ್ಲಿ ದೊಡ್ಡದೊಂದು ಕಾಟ್ಲಾ ಮೀನು ಮೈ ಹೊರಳಿಸಿತು. ಅದರ ಹಿಂದೆ ಇನ್ನೊಂದು. ಮೋಟು ಇದ್ದಲ್ಲಿ ಮೀನು ಸೇರುತ್ತದೆಂದು ಊರಿಗೆಲ್ಲ ಗೊತ್ತು. ಬುರುಡೆ ಕಟ್ಟಿದರೆ ಎಲ್ಲರನ್ನೂ ಕರೆದಂತೆಯೇ.

'ಈ ಕಡೆ ನಾನಲ್ಲದೆ ಯಾರು ಬರುತ್ತಾರೆ? ನಾಲ್ಕು ದಿನ ಕಳೆದು ಕಟ್ಟಿದರಾಯಿತು' ಎಂದುಕೊಂಡು ಅದನ್ನು ಮತ್ತೆ ಕೆಳಗಿಟ್ಟ.

ನಾಲ್ಕು ದಿನ ಕಳೆದವು. ಬುರುಡೆ ಹರಿಗೋಲಿನಲ್ಲೇ ಉರುಳಾಡುತ್ತಿತ್ತು. ಕಾಲಿಗೆ ತಗಲಿದಾಗಲೆಲ್ಲ 'ನಾಳೆ' ಎಂದುಕೊಳ್ಳುತ್ತಿದ್ದ. ದಿನವೂ ಬುಟ್ಟಿ ತುಂಬಿ ಬರುತ್ತಿತ್ತು.

ಅವನ ತಂಗಿ ದುರುಗಮ್ಮನ ಗಂಡ ಅಂಬಣ್ಣ ದಡದಲ್ಲಿ ಬಲೆ ಹೆಣೆಯುತ್ತ ಕೆಣಕಿದ. "ಏನ್ ಭಾವಾ, ಮೀನಿನ ಮನಿಗೇ ಹೆಣ್ಣು ಕೊಟ್ಟೀರೇನು? ದಿನಾ ಬೀಗರು ಬುಟ್ಟಿ ತುಂಬಿ ಕಳಸ್ತಾರ."

"ನೀನೂ ಹುಡುಕು, ಅಂಬಣ್ಣ. ನೀರೇನು ನನ್ನ ಹೆಸರಿಗೈತೇನು?" ಎಂದು ಹುಲುಗಪ್ಪ ನಕ್ಕ. ಆಗಲಾದರೂ ಮೋಟಿನ ಮಾತು ಎತ್ತಲಿಲ್ಲ.

ಮರುದಿನ ಹುಲುಗಪ್ಪ ಮೀನು ಮಾರಲು ಸಂತೆಗೆ ಹೋದ. ಭಾವ ದಿನಾ ಹೋಗುವ ದಿಕ್ಕನ್ನು ಅಂಬಣ್ಣ ದಡದಿಂದಲೇ ಕಂಡಿದ್ದ. ತಾನೂ ಅತ್ತ ಹರಿಗೋಲು ತಿರುಗಿಸಿದ. ಮಧ್ಯಾಹ್ನ ಗಾಳಿ ಎದ್ದಿತು. ಹರಿಗೋಲು ಮೋಟಿಗೆ ಬಡಿದು ತಳ ಹರಿಯಿತು. ಅಂಬಣ್ಣ ಒಳ್ಳೆಯ ಈಜುಗಾರ. ಆದರೆ ಕಾಲಿಗೆ ಅವನದೇ ಬಲೆ ಸುತ್ತಿಕೊಂಡಿತ್ತು.

ಹುಲುಗಪ್ಪ ಸಂತೆಯಿಂದ ಬರುವ ಹೊತ್ತಿಗೆ ಊರವರು ಅಂಬಣ್ಣನ ಹೆಣವನ್ನು ದಡದಲ್ಲಿ ಮಲಗಿಸಿದ್ದರು.

"ಆ ಮೋಟಿಗೆ ಬುರುಡಿ ಇರಲಿಲ್ಲ," ಎಂದ ಹಿರಿಯನೊಬ್ಬ. "ಯಾರಿಗೂ ತಗಲಿರಾಕಿಲ್ಲ ಬಿಡು. ತಗಲಿದ್ರ ಕಟ್ಟದ ಬಿಡತಿದ್ರೇನು?"

ದುರುಗಮ್ಮ ಅಣ್ಣನ ಕೈ ಹಿಡಿದುಕೊಂಡಳು. "ಯಾರಿಗೂ ಗೊತ್ತಿರಲಿಲ್ಲಂತ, ಅಣ್ಣಾ. ಯಾರನ್ನ ಬೈಯಲಿ?"

ಹುಲುಗಪ್ಪ ಸುಮ್ಮನಿರಬಹುದಿತ್ತು. ಆ ಕೈ ಅವನನ್ನು ಸುಮ್ಮನಿರಲು ಬಿಡಲಿಲ್ಲ.

"ನನಗ ಗೊತ್ತಿತ್ತು, ತಂಗೀ," ಎಂದ.

ಅವಳು ಅವನ ಮುಖ ನೋಡಿದಳು. ಮೆಲ್ಲಗೆ ಕೈ ಬಿಟ್ಟಳು.

ಮಣ್ಣು ಮಾಡಿ ಬಂದ ಮರುದಿನ ಹುಲುಗಪ್ಪ ಒಬ್ಬನೇ ಹೋಗಿ ಆ ಮೋಟಿಗೆ ಬುರುಡೆ ಕಟ್ಟಿದ. ಅದಕ್ಕೆ ಒಂದು ಮೊಳ ಹಗ್ಗ ಸಾಕಾಯಿತು.

ನೀತಿ: ಅಪಾಯದಿಂದ ಪಾರಾದವನು ಅದನ್ನು ಹಿಂದೆ ಬರುವವರಿಗೆ ಅಂದೇ ತಿಳಿಸಬೇಕು. 'ನಾಳೆ ಹೇಳಿದರಾಯಿತು' ಎನ್ನುವವನಿಗೆ, ಹಿಂದೆ ಬರುವವರು ಯಾರೆಂದು ಗೊತ್ತಿರುವುದಿಲ್ಲ.