ದಿಲ್ಲಿಗೆ ಎರಡೂವರೆ ತಾಸು

ತುಂಗಭದ್ರೆಯ ದಂಡೆಯ ಮೇಲೊಂದು ಮಠ. ಮಠದಲ್ಲಿ ಒಬ್ಬ ಮುದಿ ಗುರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರ ಶಿಷ್ಯ ಮುರಿಗೆಪ್ಪ ಮಾತುಗಾರ. ಸಮಾನತೆಯ ಮೇಲೆ ಅವನು ಮಾತಿಗೆ ನಿಂತರೆ ಕಂಬಗಳೂ ತಲೆದೂಗಬೇಕು.

ದಿಲ್ಲಿಯಲ್ಲಿ ಸಮಾನತೆಯ ದೊಡ್ಡ ಸಭೆ. ಮಠದಿಂದ ಒಬ್ಬರನ್ನು ಕಳಿಸಿ ಎಂದು ಕರೆ ಬಂತು. ಮುರಿಗೆಪ್ಪ ಚೀಲ ಕಟ್ಟಿಯೇ ಬಿಟ್ಟ. ಗುರುವಿನ ಅಪ್ಪಣೆಯೊಂದು ಬಾಕಿ.

“ದಿಲ್ಲಿ ಎಷ್ಟು ದೂರ ಐತೋ?” ಗುರು ಕೇಳಿದರು.

“ಹುಬ್ಬಳ್ಳಿಯಿಂದ ಒಂದೂವರೆ ಸಾವಿರ ಕಿಲೋಮೀಟರ್, ಅಜ್ಜಾರ. ರೈಲಿಗಾದರ ದಿನಗಟ್ಟಲೆ. ವಿಮಾನಕ್ಕ ಬರೇ ಎರಡೂವರೆ ತಾಸು! ಉಂಡದ್ದು ಕರಗೂದರೊಳಗ ದಿಲ್ಲಿ.”

“ಭಾಳ ಸಮೀಪ ಆತಲ್ಲೋ.”

“ಈಗ ದೂರ ಅನ್ನೋದೇ ಇಲ್ರಿ.”

“ಹಂಗಾದರ ಹೋಗುವಿಯಂತ. ಮೊದಲು ಇವತ್ತಿನ ಭಿಕ್ಷೆ ಮುಗಿಸೋಣು ಬಾ.”

ಗುರು ತಾವೇ ಜೋಳಿಗೆ ಹೆಗಲಿಗೆ ಹಾಕಿದರು.

ಮಠದ ಜೋಳಿಗೆ ಊರೆಲ್ಲ ತಿರುಗಿ ಅಗಸಿ ಬಾಗಿಲಿಂದ ಹಿಂದಿರುಗುವುದು ವಾಡಿಕೆ. ಬಾಗಿಲಿನ ಆಚೆ, ಊರು ಹೊರಗಿಟ್ಟವರ ಕೇರಿ. ಯಾಕೆ ಹೀಗೆ ಎಂದು ಮಠದಲ್ಲಿ ಯಾರೂ ಕೇಳಿರಲಿಲ್ಲ. ಕೇಳಬೇಕಾದವರ ಹೊಟ್ಟೆ ತುಂಬಿತ್ತು.

ಅಗಸಿಗೆ ಬಂದೊಡನೆ ಮುರಿಗೆಪ್ಪನ ಕಾಲುಗಳು ತಾವಾಗಿಯೇ ಹೊರಳಿದವು. ಗುರು ಹೊರಳಲಿಲ್ಲ. ನೆಟ್ಟಗೆ ಆಚೆ ನಡೆದರು. ವಿಧಿಯಿಲ್ಲದೆ ಅವನೂ ಬೆನ್ನು ಹತ್ತಿದ.

ಮೊದಲ ಮನೆಯ ದುರಗವ್ವ ಒಲೆ ಬಿಟ್ಟು ಎದ್ದು ಬಂದಳು. ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನ್ರಿ ಅಜ್ಜಾರ, ದಾರಿ ತಪ್ಪಿತೇನು?”

“ಇಷ್ಟು ವರ್ಷ ತಪ್ಪಿತ್ತವ್ವಾ. ಭಿಕ್ಷೆ ನೀಡು.”

“ತಗೊಂಡು ಹೋಗಿ ಹೊಳ್ಯಾಗ ಒಗಿಯೋದಾದರ ನೀಡೂದಿಲ್ಲ. ಇಲ್ಲೇ ನನ್ನ ಕಣ್ಮುಂದ ಉಣ್ಣೋದಾದರ ಕೂಡ್ರಿ.”

ಗುರು ಕಟ್ಟೆಯ ಮೇಲೆ ಕೂತರು. ಬಿಸಿ ರೊಟ್ಟಿ ಬಂತು, ಪುಂಡಿಪಲ್ಯ ಬಂತು. ಗುರು ಮುರಿದು ಉಂಡರು. ಇನ್ನಷ್ಟು ಪಲ್ಯ ಕೇಳಿ ಹಾಕಿಸಿಕೊಂಡರು.

ಮುರಿಗೆಪ್ಪ ಮುರಿದ ತುತ್ತು ಕೈಯಲ್ಲೇ ಇತ್ತು. ಭಕ್ತರು ಕಂಡರೆ? ಹೆತ್ತವ್ವನಿಗೆ ತಿಳಿದರೆ? ಕೇರಿಯವರೆಲ್ಲ ಬಾಗಿಲಿಗೆ ಬಂದು ಆ ಕೈಯನ್ನೇ ನೋಡುತ್ತಿದ್ದರು.

“ಬಿಸಿ ಇದ್ದಾಗ ಉಣ್ಣೋ ತಮ್ಮಾ,” ಅಂದಳು ದುರಗವ್ವ. “ಅದು ಕಚ್ಚೂದಿಲ್ಲ.”

ಮಕ್ಕಳು ಕಿಸಕ್ಕನೆ ನಕ್ಕವು.

“ಅಜ್ಜಾರ, ಹೊತ್ತಾತು,” ಮುರಿಗೆಪ್ಪ ತೊದಲಿದ. “ವಿಮಾನ ತಪ್ಪತೈತಿ.”

“ತಪ್ಪಲಿ, ನಾಳೆ ಮತ್ತೊಂದು ಹಾರತೈತಿ,” ಗುರು ಬೆರಳು ನೆಕ್ಕುತ್ತ ಅಂದರು. “ಆ ಕೈಯಿಂದ ಆ ಬಾಯಿಗೆ ಎಷ್ಟು ತಾಸಿನ ದಾರಿ, ಅದನ್ನ ಹೇಳು ಮೊದಲು.”