ಕೇತಮಯ್ಯನ ಎಡಗೈ ಮಾಲೆ

ಕೂತ್ಕೊಳ್ರಪ್ಪಾ, ಸ್ವಲ್ಪ ಹಿಂದಕ್ಕೆ ಸರೀರಿ. ಬನದವ್ವನ ಕಟ್ಟೆ ನಿಮ್ಮಪ್ಪನದೇನಲ್ಲ, ಎಲ್ಲರಿಗೂ ಜಾಗ ಇದೆ.

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟದೆ ಇದ್ದಾಗ, ಇದೇ ಕಣಗಿಲೆಕೊಪ್ಪದಲ್ಲಿ ಕೇತಮಯ್ಯ ಅಂತ ಒಬ್ಬ ಧರ್ಮಾಧಿಕಾರಿ ಇದ್ದನಂತೆ. ಆಗ ಈ ಸೀಮೆಗೆಲ್ಲ ಒಬ್ಬನೇ ಚಕ್ರವರ್ತಿ. ಅವನ ಹೆಸರು ಯಾರಿಗೂ ನೆನಪಿಲ್ಲ, ಬಿಡಿ. ಅವನು ಕೂತಿದ್ದು ಎಲ್ಲೋ ದೂರದ ಪಟ್ಟಣದಲ್ಲಿ. ಇಲ್ಲಿ ಅವನ ಪರವಾಗಿ ಕೇತಮಯ್ಯ ಹೇಳಿದ್ದೇ ನ್ಯಾಯ. ಕೇತಮಯ್ಯ ಲಂಚ ಮುಟ್ಟಿದವನಲ್ಲವಂತೆ, ಸುಳ್ಳಾಡಿದವನಲ್ಲವಂತೆ. ಅದೇ ಅವನ ಜಂಬ ನೋಡಿ. ನನ್ನ ಬಾಯಿಂದ ಇವತ್ತಿನವರೆಗೂ ತಪ್ಪು ತೀರ್ಪು ಬಂದಿಲ್ಲ ಅಂತ ಎದೆಯುಬ್ಬಿಸಿ ಓಡಾಡುತ್ತಿದ್ದನಂತೆ.

ಒಂದು ಬೆಳಗ್ಗೆ ನಮ್ಮೂರ ದೇವಿ ಬನದವ್ವನ ಬೆಳ್ಳಿ ಕಣ್ಣು ಕಾಣೆಯಾದವು. ಗರ್ಭಗುಡಿ ಹತ್ತಿರ ಓಡಾಡುತ್ತಿದ್ದವರು ಇಬ್ಬರೇ. ಒಬ್ಬ, ದೇವಿಗೆ ನೈವೇದ್ಯ ಮಾಡುತ್ತಿದ್ದ ಅಡುಗೆಯ ಬೊಪ್ಪಣ. ಇನ್ನೊಬ್ಬಳು, ಹೂ ಕಟ್ಟುತ್ತಿದ್ದ ಸಾತವ್ವ. ಗಂಡ ಸತ್ತವಳು, ಮದುವೆಗೆ ಬಂದ ಮಗಳೊಬ್ಬಳಿದ್ದಳು. ಅವಳೇ ಕದ್ದಳು ಅಂತ ಬೊಪ್ಪಣ ಅಂದ. ನಾನಲ್ಲ ಅಂತ ಸಾತವ್ವ ಅಂದಳು. ಕಣ್ಣಾರೆ ನೋಡಿದವರು ಯಾರೂ ಇಲ್ಲ.

ಸಾಕ್ಷಿ ಇಲ್ಲದ ವ್ಯಾಜ್ಯಕ್ಕೆ ಆ ಕಾಲದಲ್ಲಿ ಗುಳ ಹಿಡಿಸುತ್ತಿದ್ದರು. ನೇಗಿಲಿನ ಗುಳ ಗೊತ್ತಲ್ಲ, ನೆಲ ಸೀಳುವ ಕಬ್ಬಿಣ? ಅದನ್ನು ಕೆಂಪಗೆ ಕಾಯಿಸಿ, ಅಂಗೈ ಮೇಲೆ ಅರಳಿ ಎಲೆ ಹರಡಿ, ಅದರ ಮೇಲೆ ಇಡುವುದು. ಹಿಡಿದುಕೊಂಡು ದೇವಿಯ ಮುಂದೆ ನಡೆದು ಬರಬೇಕು. ಆಮೇಲೆ ಕೈಗೆ ಬಟ್ಟೆ ಸುತ್ತಿ, ಕೆಲವು ದಿನ ಬಿಟ್ಟು ಬಿಚ್ಚುವುದು. ಬೊಬ್ಬೆ ಬಂದಿದ್ದರೆ ಕಳ್ಳ, ಬಂದಿಲ್ಲದಿದ್ದರೆ ಸಾಚಾ. ನಿಜ ಹೇಳಿದವರನ್ನು ಬೆಂಕಿ ಸುಡುವುದಿಲ್ಲ ಅಂತ ನಂಬಿಕೆಯಂತೆ.

ಸಾತವ್ವ ಕೈ ಚಾಚಿ ಬೇಡಿಕೊಂಡಳಂತೆ. "ಒಡೆಯಾ, ಈ ಕೈ ನೋಡಿ. ಇದು ಒದ್ದೆ ಹೂವು ಹಿಡಿದ ಕೈ. ಕದ್ದಿರಲಿ ಬಿಡಲಿ, ಇದು ಸುಡುತ್ತೆ." ಧರ್ಮ ಕೈ ನೋಡಲ್ಲ, ಮನಸ್ಸು ನೋಡುತ್ತೆ ಅಂತ ಕೇತಮಯ್ಯ ಗದರಿದನಂತೆ.

ಇಬ್ಬರಿಗೂ ಗುಳ ಹಿಡಿಸಿ, ಕೆಲವು ದಿನ ಬಿಟ್ಟು ಬಟ್ಟೆ ಬಿಚ್ಚಿದರು. ಬೊಪ್ಪಣನ ಅಂಗೈ ಇದ್ದ ಹಾಗೇ ಇತ್ತು. ಸಾತವ್ವನ ಕೈ ನೋಡಲಾರದೆ ಹೆಂಗಸರು ಮುಖ ತಿರುಗಿಸಿದರಂತೆ. ತಾಯಿ ಮಗಳಿಬ್ಬರನ್ನೂ ಗಡಿಯಾಚೆ ಅಟ್ಟಿದರು. ಹೋಗುವಾಗ ಕಳ್ಳಿ, ಕಳ್ಳಿ ಅಂತ ಕೂಗಿ ಕಲ್ಲೆಸೆದರಂತೆ. ಎಸೆದವರು ನಮ್ಮ ಹಿರೀಕರೇ, ಇನ್ಯಾರು? ಹೇಳೋಕೆ ನಾಚಿಕೆಯಾಗುತ್ತೆ. ಆದರೂ ಹೇಳಬೇಕು.

ಆಮೇಲೆ ಒಂದು ಮಧ್ಯಾಹ್ನ ಕೇತಮಯ್ಯ ಪ್ರಸಾದಕ್ಕೆ ಕೂತಿದ್ದ. ಬೊಪ್ಪಣ ಕುದಿಯುವ ಅನ್ನದ ಹಂಡೆಯನ್ನು ಬರಿಗೈಯಲ್ಲೇ ಒಲೆಯಿಂದ ಇಳಿಸಿದ. ಕೇತಮಯ್ಯ ಎತ್ತಿದ ತುತ್ತನ್ನು ಎಲೆಗೇ ಬಿಟ್ಟನಂತೆ. ಇದೇನು ಅವನು ಹೊಸದಾಗಿ ಕಂಡಿದ್ದಾ? ವರ್ಷಗಟ್ಟಲೆ ಕಂಡಿದ್ದ. "ಎಂಥಾ ಕೈಯೋ ಬೊಪ್ಪಣಾ ನಿಂದು, ಬೆಂಕಿಗೇ ಹೆದರಲ್ಲ!" ಅಂತ ನಕ್ಕು ಹೊಗಳಿದವನೂ ಅವನೇ. ಒಲೆ ಮುಂದೆ ಜಡ್ಡುಗಟ್ಟಿದ ಕೈಗೂ ಹೂವಿನ ಕೈಗೂ ಒಂದೇ ಗುಳ ಕೊಟ್ಟಿದ್ದ. ಅಯ್ಯೋ, ಆ ನಾಚಿಕೆ ಶತ್ರುವಿಗೂ ಬೇಡ.

ಯಾರೂ ಇಲ್ಲದಾಗ ಒಲೆಯ ಹಿಂದಿನ ಬೂದಿಗುಂಡಿ ಕೆದಕಿದ. ಬೆಳ್ಳಿ ಕಣ್ಣು ಸಿಕ್ಕಿದವು. ಅದು ತಿಳಿದದ್ದೇ ಬೊಪ್ಪಣ ಸದ್ದಿಲ್ಲದೆ ಊರು ಬಿಟ್ಟ. ಆಗಲಾದರೂ ಕೇತಮಯ್ಯ ಬಾಯಿ ಬಿಡಬೇಕಿತ್ತೋ ಇಲ್ಲವೋ? ಬಿಡಲಿಲ್ಲ! ತೆಪ್ಪಗೆ ಕಣ್ಣನ್ನು ದೇವಿಗಿಟ್ಟು ಬಂದ. ಕಳ್ಳಿ ತೊಲಗಿದಳು, ತಾಯಿ ಕಣ್ಣು ತೆರೆದಳು, ಎಲ್ಲ ನಮ್ಮ ಧರ್ಮಾಧಿಕಾರಿಯ ಪುಣ್ಯ ಅಂತ ಊರವರು ಅವನಿಗೇ ಮಾಲೆ ಹಾಕಿದರಂತೆ. ಅವನು ತಲೆ ತಗ್ಗಿಸಿಕೊಂಡು ಹಾಕಿಸಿಕೊಂಡನಂತೆ. ಎಷ್ಟು ವಿನಯ ಅಂತ ಅದಕ್ಕೂ ಜನ ಹೊಗಳಿದರಂತೆ.

ಆ ಹೊಗಳಿಕೆ ಅವನಿಗೆ ಅನ್ನ ಇಳಿಯಗೊಡಲಿಲ್ಲ. ಸಾತವ್ವನನ್ನು ಹುಡುಕಿಕೊಂಡು ಹೊರಟ. ಪಕ್ಕದ ಸೀಮೆಯಲ್ಲಿ ಅವಳು ಯಾರದೋ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳಂತೆ. ಬಲಗೈ ಬೆರಳು ಒಂದಕ್ಕೊಂದು ಅಂಟಿ ಮುದುಡಿದ್ದವು. ಅವಳ ಕಾಲಿಗೆ ಬಿದ್ದ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

"ದನಗಳ ಮುಂದೆ ಕಾಲು ಹಿಡಿದರೆ ಏನು ಬಂತು ಒಡೆಯಾ? ಕಳ್ಳಿ ಅಂದದ್ದು ಊರ ಮುಂದೆ. ಕಳ್ಳಿಯ ಮಗಳು ಅಂತ ನನ್ನ ಕೂಸನ್ನು ಯಾರೂ ಹೊಸ್ತಿಲು ದಾಟಿಸುತ್ತಿಲ್ಲ. ಅಲ್ಲೇ ಬಂದು ಹೇಳಿ."

ಇಬ್ಬರನ್ನೂ ಕರೆದುಕೊಂಡು ಬಂದ. ಊರೆಲ್ಲ ಇದೇ ಕಟ್ಟೆಯ ಮುಂದೆ ಸೇರಿತು. ನೀವು ತಪ್ಪಿದರೆ ಚಕ್ರವರ್ತಿ ತಪ್ಪಿದ ಹಾಗೆ, ಸುಮ್ಮನಿರಿ ಅಂತ ಹಿರಿಯರು ಕಿವಿಯಲ್ಲಿ ಹೇಳಿದರಂತೆ. ಕೇತಮಯ್ಯ ಗುಳ ಕಾಯಿಸಿ ತರಿಸಿದ. ತನ್ನ ಬಲಗೈ ಮೇಲೆ ಎಲೆ ಹರಡಿಕೊಂಡ. "ನನ್ನ ಹೆಸರು ಕೇತಮಯ್ಯ. ಇದು ಸುಳ್ಳಾದರೆ ಈ ಕೈ ಸುಡಲಿ" ಅಂದು ಗುಳ ಹಿಡಿದ.

ಸುಡದೆ ಇರುತ್ತದೆಯೇ? ಚರ್ಮ ಕಿತ್ತುಬಂತು. ಆ ಕೈಯನ್ನು ಎಲ್ಲರ ಮುಂದೆ ಹಿಡಿದ.

"ಈಗ ಹೇಳಿ, ನಾನು ಕೇತಮಯ್ಯ ಅಲ್ಲವೇ? ಕದ್ದವನು ಬೊಪ್ಪಣ. ಕಣ್ಣು ಸಿಕ್ಕಿದ್ದನ್ನು ಮುಚ್ಚಿಟ್ಟವನು ನಾನು. ಸಾತವ್ವ ಕಳ್ಳಿಯಲ್ಲ."

ಒಬ್ಬರೂ ತಲೆ ಎತ್ತಲಿಲ್ಲವಂತೆ. ಕಲ್ಲೆಸೆದವರೆಲ್ಲ ಅಲ್ಲೇ ಇದ್ದರಲ್ಲ.

ಸಾತವ್ವ ಕ್ಷಮಿಸಿದಳು ಅಂತ ಕೆಲವರು ಹೇಳುತ್ತಾರೆ. ನಾನಂತೂ ನಂಬಲ್ಲ. ಅವಳು ಒಂದು ಬುಟ್ಟಿ ಕಣಗಿಲೆ ತಂದು ಅವನ ಮುಂದಿಟ್ಟಳಂತೆ. ನಾನು ಹೋದಾಗಿಂದ ತಾಯಿಗೆ ನನ್ನ ಮಾಲೆ ಇಲ್ಲ, ನೀವೇ ಕಟ್ಟಿ ಅಂದಳಂತೆ. ಅವನು ಎಡಗೈಯಲ್ಲಿ ಕಟ್ಟಿದ. ಗಂಟು ನಿಲ್ಲಲಿಲ್ಲ, ಅರ್ಧ ಹೂವು ಉದುರಿದವು. ಅದನ್ನೇ ದೇವಿಗೆ ಹಾಕಿದರು. ಅವನು ಮತ್ತೆ ತೀರ್ಪಿನ ಪೀಠ ಹತ್ತಲಿಲ್ಲ. ಸಾಯುವ ತನಕ ದಿನಾ ಬಂದು ಮಾಲೆ ಕಟ್ಟಿದನಂತೆ, ದಿನಾ ಹೂವು ಉದುರಿದವಂತೆ.

ಅವತ್ತಿಂದ ನಮ್ಮೂರಲ್ಲಿ ಗುಳ ಹಿಡಿಸಿಲ್ಲ. ಈಗಲೂ ಈ ಕಟ್ಟೆ ಮೇಲೆ ಪಂಚಾಯ್ತಿಗೆ ಕೂರುವವನು, ಎಷ್ಟೇ ದೊಡ್ಡವನಾಗಲಿ, ಬಲಗೈ ಬೆನ್ನ ಹಿಂದೆ ಇಟ್ಟು ಎಡಗೈಯಲ್ಲಿ ಒಂದು ಮಾಲೆ ಕಟ್ಟಬೇಕು. ಚೆನ್ನಾಗಿ ಬರಲ್ಲ. ಯಾರೂ ನಗಲ್ಲ. ಉದುರಿದ ಹೂವನ್ನು ತೀರ್ಪು ಮುಗಿಯುವ ತನಕ ಯಾರೂ ಗುಡಿಸುವುದಿಲ್ಲ. ಅವು ಅವನ ಕಾಲ ಬುಡದಲ್ಲೇ ಬಿದ್ದಿರುತ್ತವೆ. ಅವನ್ನು ನೋಡಿಕೊಂಡೇ ಅವನು ಬಾಯಿ ತೆರೆಯಬೇಕು.