ಕೆಂಡದಲ್ಲಿ ಸುಟ್ಟ ಬಾಳೆಹಣ್ಣು

"ಬುದ್ಧಿ, ದೊಡ್ಡವರು ಒಂದು ಅಪ್ಪಣೆ ಮಾಡಿದ್ದಾರೆ. ಅದು ತಪ್ಪು ಎಂದು ನನ್ನ ಮನಸ್ಸು ಹೇಳುತ್ತಿದೆ. ಯಾರ ಅಪ್ಪಣೆ ಪಡೆದು ನಾನು ಅದನ್ನು ಮೀರಲಿ?"

ಹೀಗೆ ಕೇಳಿದವನು ರಾಚಯ್ಯ ಎಂಬ ಶಿಷ್ಯ. ಕೇಳಿಸಿಕೊಂಡವರು ಮಠದ ಹಿರಿಯ ಗುರುಗಳು. ಅವರಿಗೆ ವಯಸ್ಸಾಗಿತ್ತು. ಮೊಣಕಾಲು ಹಿಡಿದುಕೊಂಡಿತ್ತು. ನಾಲಿಗೆ ಮಾತ್ರ ಸ್ವಲ್ಪವೂ ಸವೆದಿರಲಿಲ್ಲ.

"ಮೀರುವುದಕ್ಕೂ ಅಪ್ಪಣೆ ಬೇಕೇನೋ ನಿನಗೆ? ಸರಿ, ಸಂಗತಿ ಏನು ಹೇಳು."

ರಾಚಯ್ಯ ಹೇಳಿದ. ಮಠದ ತೋಟ ನೋಡಿಕೊಳ್ಳುವ ಮುದುಕ ದ್ಯಾಮಣ್ಣ ಹಲಸಿನ ಮರ ಕಡಿಯಲು ಬಂದವರಿಗೆ ಅಡ್ಡ ನಿಂತಿದ್ದ. ಕಡಿಯಲು ಹೇಳಿದವರು ಮಠದ ಪಾರುಪತ್ಯಗಾರರು. ಅವರಿಗೆ ಸಿಟ್ಟು ನೆತ್ತಿಗೇರಿತು. ತಪ್ಪಾಯಿತು ಎಂದು ಕಾಲಿಗೆ ಬೀಳುವವರೆಗೆ ಪಂಕ್ತಿಯಲ್ಲಿ ದ್ಯಾಮಣ್ಣನಿಗೆ ಎಲೆ ಹಾಕಕೂಡದು, ಯಾರೂ ಒಂದು ತುತ್ತು ಕೊಡಕೂಡದು ಎಂದುಬಿಟ್ಟರು. ದ್ಯಾಮಣ್ಣ ಕಾಲಿಗೆ ಬೀಳಲಿಲ್ಲ. ನಿನ್ನೆಯಿಂದ ತೋಟದ ಗುಡಿಸಲಿನಲ್ಲಿ ಉಪವಾಸ ಕೂತಿದ್ದಾನೆ. ಅಡುಗೆಮನೆಯ ಸರದಿ ಇವತ್ತು ರಾಚಯ್ಯನದು.

"ನೀವು ಒಂದು ಮಾತು ಹೇಳಿದರೆ ಸಾಕು ಬುದ್ಧಿ, ಈಗಲೇ ಗಂಜಿ ಕೊಟ್ಟು ಬರುತ್ತೇನೆ."

"ನಾನು ಹೇಳಿದರೆ ನೀನು ಹೋಗುವುದು ನನ್ನ ಕಾಲಿನಿಂದ. ನಿನ್ನ ಕಾಲು ಇರುವುದು ಯಾತಕ್ಕೆ, ಪೂಜೆಗೋ? ಹೋಗುವವನು ಇಷ್ಟು ಹೊತ್ತಿಗೆ ಹೋಗಿರುತ್ತಿದ್ದ. ಕೇಳಲು ಬಂದಿದ್ದೀಯ, ಕೂತು ಕೇಳು."

ಗುರುಗಳು ಕಾಲು ನೀಡಿಕೊಂಡು ಕತೆ ಶುರು ಮಾಡಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಎತ್ತುಗಳ ಮೇಲೆ ಉಪ್ಪು ಹೇರಿಸಿಕೊಂಡು ಕಡಲ ತೀರದಿಂದ ಮೇಲಿನ ಸೀಮೆಗೆ ಹೋಗುತ್ತಿದ್ದ. ಎತ್ತು ಹೊಡೆಯುವವರು ಬೇರೆ ಬೇರೆ ಊರಿನವರು. ಎತ್ತು ಅವರವರದು, ಉಪ್ಪು ಅವನದು. ಊಟದ ಹಿಟ್ಟಿನ ಮೂಟೆಯೂ ಅವನದೇ. ಹಾಗಾಗಿ ದಾರಿಯಲ್ಲಿ ಅವನು ಹೇಳಿದ್ದೇ ಕಟ್ಟಳೆ. ಹಿಟ್ಟು ಇಟ್ಟುಕೊಂಡವನ ಹತ್ತಿರವೇ ನ್ಯಾಯವೂ ಇರುತ್ತದೆ ಎಂದು ತಿಳಿಯುವ ಜನ ಆಗಲೂ ಇದ್ದರು. ಈಗಲೂ ಇದ್ದಾರೆ, ದೂರ ಹುಡುಕಬೇಕಾಗಿಲ್ಲ.

ಮಳೆಗಾಲ ಹತ್ತಿರ ಬಂದಿತ್ತು. ಆ ವರ್ಷ ಬೆಟ್ಟ ಹತ್ತುವ ಕೊನೆಯ ಎತ್ತಿನ ಸಾಲು ಅದು. ಬೆಟ್ಟದ ಬುಡಕ್ಕೆ ಬರುವಾಗ ಒಬ್ಬ ಮುದುಕ ಎತ್ತಿನವನಿಗೆ ಜ್ವರ ಏರಿ ಕಾಲು ಎತ್ತಿಡಲಾಗದೆ ಕೂತುಬಿಟ್ಟ. ಅಂಥವರನ್ನು ಮರದ ನೆರಳಿನಲ್ಲಿ ಕೂರಿಸಿ, ಪಕ್ಕದಲ್ಲಿ ಒಂದು ಬುತ್ತಿ ಗಂಟು ಇಟ್ಟು, "ಹಿಂದಿನ ಸಾಲಿನವರು ಕರೆತರುತ್ತಾರೆ" ಎಂದು ಹೇಳಿ, ಅವರ ಎತ್ತನ್ನೂ ಹೊಡೆದುಕೊಂಡು ಮುಂದೆ ಹೋಗುವುದು ಆ ದಾರಿಯ ಪದ್ಧತಿ. ಹಿಂದೆ ಯಾವ ಸಾಲೂ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬೊಬ್ಬರಾಗಿ ಬಂದು ಮುದುಕನಿಗೆ ಅದೇ ಮಾತು ಹೇಳಿದರು. ಪದ್ಧತಿ ಎಂದರೆ ಅಷ್ಟು ಅನುಕೂಲ ನೋಡು. ನಮ್ಮ ನಾಚಿಕೆಯನ್ನೂ ಅದೇ ಹೊತ್ತುಕೊಳ್ಳುತ್ತದೆ.

ಸಾಲಿನಲ್ಲಿ ಒಬ್ಬ ಹೆಂಗಸು ಇದ್ದಳು. ಗಂಡ ತೀರಿಕೊಂಡ ಮೇಲೆ ಅವನ ಎತ್ತನ್ನು ತಾನೇ ಹೊಡೆಯುತ್ತಿದ್ದಳು. ಅವಳು ಎತ್ತಿನ ಮೇಲಿದ್ದ ಉಪ್ಪಿನ ಚೀಲಗಳ ಹಗ್ಗ ಬಿಚ್ಚಿ ಕೆಳಗಿಳಿಸಿದಳು. ಮುದುಕನನ್ನು ಎಬ್ಬಿಸಿ ಎತ್ತಿನ ಮೇಲೆ ಕೂರಿಸಿದಳು.

ವ್ಯಾಪಾರಿ ಏದುಸಿರು ಬಿಡುತ್ತ ಬಂದ. "ಅವನು ನಿನಗೇನಾಗಬೇಕು?"

"ಏನೂ ಆಗಬೇಕಿಲ್ಲ ಯಜಮಾನರೇ. ನಿನ್ನೆಯವರೆಗೆ ನನ್ನ ಮುಂದೆ ನಡೆಯುತ್ತಿದ್ದ."

"ನನ್ನ ಉಪ್ಪು?"

"ಅವನನ್ನು ಕೂರಿಸಿದ್ದ ಮರದ ನೆರಳಿನಲ್ಲೇ ಇಟ್ಟಿದ್ದೇನೆ. ಹಿಂದಿನ ಸಾಲಿನವರು ತರುತ್ತಾರೆ."

ಎತ್ತಿನವರು ಆ ಕಡೆ ಮುಖ ತಿರುಗಿಸಿಕೊಂಡರು. ಯಾರೋ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ವ್ಯಾಪಾರಿಗೆ ಅದು ಕೇಳಿಸಿತು. ಅಲ್ಲಿಂದ ಮುಂದೆ ಅವನ ಸಿಟ್ಟು ಉಪ್ಪಿಗಾಗಿ ಅಲ್ಲ. ಅವಳ ಎತ್ತನ್ನು ಅವನು ಮುಟ್ಟುವಂತಿರಲಿಲ್ಲ, ಅದು ಅವಳದು. ಹಾಗಾಗಿ ಬೇರೆ ದಾರಿ ಹಿಡಿದ. ಅವಳಿಗೆ ಯಾರೂ ಹಿಟ್ಟು ಕೊಡಕೂಡದು, ಬೆಂಕಿ ಕೊಡಕೂಡದು, ಕೊಟ್ಟವನು ಸಾಲು ಬಿಟ್ಟು ಹೋಗಬೇಕು ಎಂದ. ನೀರು ಕೊಡಬೇಡಿ ಎನ್ನಲು ಮಾತ್ರ ಅವನಿಗೂ ಬಾಯಿ ಬರಲಿಲ್ಲ. ದಾರಿಯಲ್ಲಿ ನೀರು ಇಲ್ಲವೆನ್ನುವುದು ಪಾಪ ಎಂದು ಅವನನ್ನೂ ಒಬ್ಬ ತಾಯಿ ಬೆಳೆಸಿದ್ದಳು.

ಸಂಜೆ ಹೊತ್ತಿಗೆ ಬೆಟ್ಟದ ನೆತ್ತಿ ತಲುಪಿ ಬಿಡಾರ ಹೂಡಿದರು. ಅದು ಬರೀ ಬಂಡೆಯ ಜಾಗ. ಬಾವಿಯಿಲ್ಲ, ಹಳ್ಳವಿಲ್ಲ. ಕೆಳಗಿನಿಂದ ತೊಗಲಿನ ಚೀಲಗಳಲ್ಲಿ ಹೊತ್ತು ತಂದ ನೀರೇ ಜನಕ್ಕೂ ಎತ್ತಿಗೂ ಆಗಬೇಕು. ಮುಂದಿನ ಹಳ್ಳ ಸಿಗುವುದು ಮಾರನೆಯ ದಿನ, ಆ ಕಡೆಯ ಇಳಿಜಾರು ಮುಗಿದ ಮೇಲೆ.

ಎಲ್ಲರೂ ಮೂರು ಮೂರು ಕಲ್ಲು ಇಟ್ಟು ಒಲೆ ಹೂಡಿದರು. ಹೆಂಗಸು ಒಂದು ಗೋಣಿ ಹಾಸಿ ಮುದುಕನನ್ನು ಮಲಗಿಸಿದಳು. ಮರದಡಿಯಿಂದ ತಂದಿದ್ದ ಬುತ್ತಿಯ ರೊಟ್ಟಿ ಮುರಿದು ಬಾಯಿಗಿಟ್ಟಳು. ಒಣ ರೊಟ್ಟಿ ಗಂಟಲಿಗೆ ಇಳಿಯಲಿಲ್ಲ, ಉಗುಳಿಬಿಟ್ಟ. ಅವಳ ಹತ್ತಿರ ಇದ್ದದ್ದು ಕೆಳಗಿನ ಊರಿನಲ್ಲಿ ತೆಗೆದುಕೊಂಡಿದ್ದ ಬಾಳೆಹಣ್ಣು, ಒಂದು ಉಂಡೆ ಬೆಲ್ಲ, ಒಂದು ಹೋಳು ಕೊಬ್ಬರಿ. ಮೈ ಸುಡುವ ಜ್ವರದಲ್ಲಿ ತಣ್ಣನೆಯ ಬಾಳೆಹಣ್ಣು ಕೊಟ್ಟರೆ ಎದೆಗೆ ಕಫ ಕಟ್ಟುತ್ತದೆ ಎಂದು ಆ ಜನ ಮುಟ್ಟಿಸುವುದಿಲ್ಲ. ಸುಟ್ಟು ಬಿಸಿ ಮಾಡಿ ಕೊಟ್ಟರೆ ಅದೇ ಹಣ್ಣು ಪಥ್ಯ. ಇವತ್ತು ಇವನ ಹೊಟ್ಟೆಗೆ ಏನಾದರೂ ಬೀಳದಿದ್ದರೆ ನಾಳೆ ಎತ್ತಿನ ಮೇಲೆ ಹೆಣ ಹೊತ್ತು ಇಳಿಯಬೇಕಾಗುತ್ತದೆ ಎಂದು ಅವಳಿಗೆ ಕಾಣುತ್ತಿತ್ತು. ಹಣ್ಣು ಇತ್ತು, ಬೆಂಕಿ ಇರಲಿಲ್ಲ.

ಆ ದಾರಿಯವರದು ಇನ್ನೊಂದು ಪದ್ಧತಿ ಇತ್ತು. ಉಂಡು ಎದ್ದ ಮೇಲೆ ಒಲೆಯ ಒಂದು ಕಲ್ಲನ್ನು ಕಾಲಿನಿಂದ ಸರಿಸುತ್ತಾರೆ. ಕಲ್ಲು ಸರಿದ ಮೇಲೆ ಆ ಒಲೆ ಯಾರದೂ ಅಲ್ಲ. ಉಳಿದ ಕೆಂಡ ದಾರಿಹೋಕರದು. ಮೊದಲು ಉಂಡವರು ಕಲ್ಲು ಸರಿಸುವುದನ್ನೇ ಕಾಯುತ್ತಿದ್ದು ಅವಳು ಅಲ್ಲಿ ಹೋಗಿ ಕೂತಳು.

ಆ ಹಣ್ಣಿಗೆ ಪಾತ್ರೆ ಬೇಡ, ಪಾಕಶಾಸ್ತ್ರವೂ ಬೇಡ. ನಿನ್ನಂಥವನೂ ಮಾಡಬಹುದು. ಸಿಪ್ಪೆ ಸುಲಿಯಬಾರದು. ಉದ್ದಕ್ಕೆ ಒಂದು ಕಡೆ ಸೀಳಬೇಕು. ಸೀಳಿನಲ್ಲಿ ಬೆಲ್ಲದ ಚೂರು, ಕೊಬ್ಬರಿಯ ತುರಿ ತುಂಬಿ, ಸೀಳು ಮೇಲೆ ಬರುವಂತೆ ಕೆಂಡದ ಮೇಲೆ ಇಡಬೇಕು. ಉರಿಯಲ್ಲಿ ಅಲ್ಲ, ಕೆಂಡದಲ್ಲಿ. ಸಿಪ್ಪೆ ಕಪ್ಪಾಗಿ, ಬೆಲ್ಲ ಕರಗಿ, ಒಳಗೆ ಕೊತಕೊತ ಸದ್ದು ಬಂದರೆ ಆಯಿತು. ಎಲೆ ಅಡಿಕೆ ಜಗಿದು ಉಗುಳುವಷ್ಟರಲ್ಲಿ ಮುಗಿಯುವ ಕೆಲಸ.

ಇಲ್ಲಿ ರಾಚಯ್ಯನ ಮುಖ ಅರಳಿತು. "ಹಾಗಾದರೆ ಅವಳು ಅಪ್ಪಣೆ ಮೀರಲೇ ಇಲ್ಲವಲ್ಲ ಬುದ್ಧಿ. ಅವಳು ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ. ನಾನೂ ಗಂಜಿಯನ್ನು ತೋಟದ ಕಟ್ಟೆಯ ಮೇಲೆ ಮರೆತು ಬಂದಂತೆ ಇಟ್ಟು ಬಂದರೆ..."

"ನುಸುಳುವುದಕ್ಕೆ ಸಂದು ಸಿಕ್ಕಿತು ಎಂದು ಖುಷಿಯಾಯಿತೇ? ಬಾಯಿ ಮುಚ್ಚಿಕೊಂಡು ಕೇಳು. ಕತೆ ಇನ್ನೂ ಮುಗಿದಿಲ್ಲ."

ಬೆಲ್ಲ ಕರಗುವ ಪರಿಮಳ ಬಿಡಾರಕ್ಕೆಲ್ಲ ಹರಡಿತು. ವ್ಯಾಪಾರಿಯ ಮೂಗಿಗೂ ಬಂತು. ಅವನು ಎದ್ದು, ಹತ್ತಿರವಿದ್ದ ನೀರಿನ ಚೀಲ ಎತ್ತಿಕೊಂಡು ಬಂದು ಆ ಕೆಂಡದ ಮೇಲೆ ಸುರಿದ. ಬೂದಿ ಎದ್ದು ಅವಳ ಮುಖಕ್ಕೆ ಬಡಿಯಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಅರೆಬೆಂದ ಹಣ್ಣು ಎತ್ತಿ ಸೆರಗಿನಲ್ಲಿ ಒರೆಸಿದಳು. ಕಲ್ಲು ಸರಿಸಿದ ಇನ್ನೊಂದು ಒಲೆಯ ಹತ್ತಿರ ಹೋಗಿ ಕೂತಳು.

ಅವನು ಅಲ್ಲಿಗೂ ಬಂದ. ಅದಕ್ಕೂ ಸುರಿದ. ಅವಳು ಮುಂದಿನ ಒಲೆಗೆ ಹೋದಳು. ಅವನು ಇನ್ನೊಂದು ಚೀಲ ತಂದ. ಈ ಜಾಗ ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಬಾಳೆಹಣ್ಣು ಹಿಡಿದುಕೊಂಡು ಒಬ್ಬ ಹೆಂಗಸು ಮುಂದೆ, ನೀರಿನ ಚೀಲ ಹೊತ್ತುಕೊಂಡು ಒಬ್ಬ ಸಾಹುಕಾರ ಹಿಂದೆ. ಸುತ್ತ ಗಂಡಸರು ಕೂತು ನೋಡುತ್ತಿದ್ದಾರೆ. ಸುರಿಯುತ್ತಿರುವುದು ತಮ್ಮ ಕುಡಿಯುವ ನೀರು ಎಂದು ಒಬ್ಬನಿಗೂ ಹೊಳೆಯಲಿಲ್ಲ. ಹೊಳೆದವನು ಬಾಯಿ ಬಿಡಲಿಲ್ಲ. ಕಡೆಗೆ ಒಬ್ಬ ಎದ್ದು ನಿಂತ. ಪಾಪ, ಅವನಿಗೂ ಮೊದಲು ನೆನಪಾದದ್ದು ಎತ್ತು.

"ಯಜಮಾನರೇ, ಎತ್ತುಗಳಿಗೆ ನೀರು ಕುಡಿಸಿಲ್ಲ."

"ಮೊದಲು ಇದು ಮುಗಿಯಲಿ," ಎಂದ ವ್ಯಾಪಾರಿ.

ಮುಗಿಯಿತು. ಎಲ್ಲ ಒಲೆಗಳೂ ಆರಿದವು. ಉಳಿದದ್ದು ಒಂದೇ, ವ್ಯಾಪಾರಿಯದು. ಅದರ ಮೇಲೆ ಅವನ ಅನ್ನ ಇನ್ನೂ ಬೇಯುತ್ತಿತ್ತು. ಮೂರು ಕಲ್ಲುಗಳೂ ಗಟ್ಟಿಯಾಗಿ ಕೂತಿದ್ದವು. ಅದು ದಾರಿಹೋಕರ ಒಲೆ ಅಲ್ಲ, ಬೇರೆಯವರು ಮುಟ್ಟಬಾರದ ಒಲೆ.

ಅವಳು ನೇರವಾಗಿ ಅಲ್ಲಿಗೆ ಹೋದಳು.

"ಇಷ್ಟು ಹೊತ್ತು ಯಾರದೂ ಅಲ್ಲದ ಬೆಂಕಿ ಹುಡುಕಿಕೊಂಡು ತಿರುಗಿದೆ ಯಜಮಾನರೇ. ಅದು ನನ್ನದೇ ತಪ್ಪು. ಈ ಬೆಂಕಿ ನಿಮ್ಮದು. ನಿಮ್ಮ ಎದುರಿಗೇ ಸುಡುತ್ತೇನೆ. ನಿಮಗೆ ಏನು ಮಾಡಬೇಕೋ ಮಾಡಿ."

ಅಷ್ಟು ಹೇಳಿ ಹಣ್ಣನ್ನು ಅವನ ಕೆಂಡದಲ್ಲಿ ಇಟ್ಟಳು.

ವ್ಯಾಪಾರಿ ನೀರು ತಾ ಎಂದು ತನ್ನ ಅಡುಗೆಯವನನ್ನು ಕೂಗಿದ. ಅಡುಗೆಯವನು ಕೊನೆಯ ಚೀಲ ತಂದು ಅವನ ಎದುರು ತಲೆಕೆಳಗು ಮಾಡಿ ಹಿಡಿದ. ಒಂದು ಹನಿ ಬೀಳಲಿಲ್ಲ. "ಕೆಂಡ ಎಳೆದು ಹಾಕು ಹಾಗಾದರೆ," ಎಂದ ವ್ಯಾಪಾರಿ. ಅಡುಗೆಯವನು ಇಕ್ಕಳ ತೆಗೆದುಕೊಂಡು ಒಲೆಯ ಮುಂದೆ ಕೂತ. ಮೊದಲು ಯಜಮಾನನ ಅನ್ನದ ಪಾತ್ರೆ ಇಳಿಸಿ ಪಕ್ಕಕ್ಕಿಟ್ಟ. ಆಮೇಲೆ ಕೆಂಡವನ್ನು ಎಳೆದು ಹಣ್ಣಿನ ಸುತ್ತ ಸಮನಾಗಿ ಹರಡಿದ.

"ಒಂದೇ ಕಡೆ ರಾಶಿ ಇದ್ದರೆ ಸೀದುಹೋಗುತ್ತದೆ, ತಾಯಿ," ಎಂದ.

ಆ ಅಡುಗೆಯವನಿಗೂ ಯಜಮಾನನ ಭಯ ಇತ್ತು. ಭಯ ಇಟ್ಟುಕೊಂಡೇ ಹರಡಿದ. ಧೈರ್ಯ ಬಂದ ಮೇಲೆ ಮಾಡುತ್ತೇನೆ ಎನ್ನುವವರಿಗೆ ಈ ಕತೆಯಲ್ಲಿ ಜಾಗವಿಲ್ಲ. ವ್ಯಾಪಾರಿ ಎಷ್ಟೋ ಹೊತ್ತು ಕೂಗಾಡಿದ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬಳು ಹಣ್ಣು ನೋಡುತ್ತಿದ್ದಳು, ಒಬ್ಬ ಕೆಂಡ ನೋಡುತ್ತಿದ್ದ. ಎತ್ತಿನವರು ಒಬ್ಬೊಬ್ಬರಾಗಿ ಎದ್ದು ಬಂದು ಆ ಒಲೆಯ ಸುತ್ತ ನಿಂತರು. ವ್ಯಾಪಾರಿ ಒಲೆಯ ಹತ್ತಿರ ಬರಬೇಕಾದರೆ ಈಗ ಅವರನ್ನು ದಾಟಿ ಬರಬೇಕಾಗಿತ್ತು.

ಹಣ್ಣು ಬೆಂದಿತು. ಅವಳು ಮುತ್ತುಗದ ಎಲೆಯಲ್ಲಿ ತೆಗೆದುಕೊಂಡು, ಕಪ್ಪು ಸಿಪ್ಪೆ ಬಿಡಿಸಿ, ಊದಿ ಊದಿ ಮುದುಕನ ಬಾಯಿಗೆ ಇಟ್ಟಳು. ಮೊದಲ ತುತ್ತು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಗಂಟಲಿಗೆ ಇಳಿಯಿತು. ಮುದುಕ ಕಣ್ಣು ಬಿಟ್ಟು, ಇನ್ನೊಂದು ಚೂರು ಬೆಲ್ಲ ಹಾಕಬಾರದಿತ್ತೇ ಎಂದ. ಸಾಯುವವನು ಬೆಲ್ಲಕ್ಕೆ ತಕರಾರು ಮಾಡುವುದಿಲ್ಲ. ಅವಳಿಗೆ ಆಗ ಅಳು ಬಂತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮುಂದೆ ಏನೋ ಉಳಿದಿದೆ ಎಂದು ರಾಚಯ್ಯನಿಗೆ ಅನಿಸಿತು.

"ಕೊನೆಗೆ ವ್ಯಾಪಾರಿ ಒಪ್ಪಿದನೇ ಬುದ್ಧಿ? ಅವಳನ್ನು ಸಾಲಿನಲ್ಲಿ ಇಟ್ಟುಕೊಂಡನೇ, ಇಲ್ಲ ಹೊರಗೆ ಹಾಕಿದನೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ರಾಚಯ್ಯ, ನೀನು ಕತೆ ಕೇಳುತ್ತಿದ್ದಷ್ಟು ಹೊತ್ತೂ ದ್ಯಾಮಣ್ಣ ಹಸಿದೇ ಕೂತಿದ್ದಾನೆ."

ರಾಚಯ್ಯ ಎದ್ದು ಅಡುಗೆಮನೆಗೆ ಹೋಗಿ, ಗಂಜಿಯ ಪಾತ್ರೆ ಹಿಡಿದು, ಎಲ್ಲರ ಎದುರಿಗೇ ತೋಟದ ಕಡೆ ನಡೆದ.